ಸುಮಾರು ಎರಡು ಗಂಟೆಗೆ

ಹೊಸದಾಗಿ ಕೋರ್ಟಿನ ಸ್ಟೆನೋ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ವಿದ್ಯಾಗಿರಿಯ ನಮ್ಮ ಮನೆಗೆ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ, ನಿಮಿಷಕ್ಕೆ ಎಷ್ಟು ಪದ ಬರೆಯುತ್ತಿದ್ದಿರಿ ಮೇಡಂ ಎಂದು. ಆ ವಿಷಯದಲ್ಲಿ ನಾನು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಪರೀಕ್ಷೆ ಪಾಸಾಗುವಷ್ಟು ವೇಗ ಇತ್ತು, ಅದೇ ನಿವೃತ್ತಿಯವರೆಗೂ ಸಾಕಾಯಿತು. ಅವರು ಕೇಳದೆ ಇರುವ ಒಂದು ಸಂಗತಿಯನ್ನು ಹೇಳಬೇಕೆಂದು ಮಾತ್ರ ಬಹಳ ದಿನಗಳಿಂದ ಅನ್ನಿಸುತ್ತಿದೆ. ಅದು ಒಂದೇ ಒಂದು ಪದದ ಸಂಗತಿ. ಆ ಪದದಿಂದ ಒಬ್ಬ ಡ್ರೈವರ್ ಜೈಲಿಗೆ ಹೋಗುವುದರಲ್ಲಿದ್ದ. ಆ ಪದವನ್ನು ಹಾಕಿದವಳು ನಾನು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಸಾಕ್ಷಿ ಕಟಕಟೆಯಲ್ಲಿ ನಿಂತು ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತಾನೆ. ನ್ಯಾಯಾಧೀಶರು ಅದನ್ನು ಕೇಳಿ ಇಂಗ್ಲಿಷಿನಲ್ಲಿ ಬರೆಸುತ್ತಾರೆ. ನಾನು ಅದನ್ನು ಶಾರ್ಟ್‌ಹ್ಯಾಂಡಿನಲ್ಲಿ ಇಳಿಸಿಕೊಂಡು, ಪಕ್ಕದ ಕೋಣೆಗೆ ಹೋಗಿ ಟೈಪು ಮಾಡಿ ತರುತ್ತೇನೆ. ಕೊನೆಗೆ ಅದನ್ನೇ ಸಾಕ್ಷಿಗೆ ಕನ್ನಡದಲ್ಲಿ ಓದಿ ಹೇಳಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಅಂದರೆ ಒಂದೇ ಮಾತು ಹೊರಟ ಜಾಗಕ್ಕೆ ವಾಪಸು ಬರುವಷ್ಟರಲ್ಲಿ ಎರಡು ಕೈ ದಾಟಿರುತ್ತದೆ. ಅದರಲ್ಲಿ ಎರಡನೆಯ ಕೈ ನಮ್ಮದು, ಯಾರ ಕಣ್ಣಿಗೂ ಬೀಳದ ಕೈ.

ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಹಿರಿಯ ಸ್ಟೆನೋ ಒಬ್ಬರು ಕೂರಿಸಿಕೊಂಡು ಪಾಠ ಹೇಳಿದರು. ತಲೆಗೆ ಟೋಪಿ, ಬಾಯಲ್ಲಿ ಅಡಿಕೆ, ಟೈಪ್‌ರೈಟರ್ ಮೇಲೆ ಎರಡೇ ಬೆರಳು. ಆದರೂ ನಮಗಿಂತ ಮುಂದೆ.

"ತಂಗಿ, ಸಾಕ್ಷಿ ಯಾವ ತಾಸು ಹೇಳಲಿ, ಅದರ ಮುಂದ ಒಂದು ಅಬೌಟ್ ಒಗದುಬಿಡು. ಎಂಟು ಗಂಟೆ ಅಂದ್ರ ಅಬೌಟ್ ಎಂಟು. ನೂರು ಮಾರು ಅಂದ್ರ ಅಬೌಟ್ ನೂರು ಮಾರು."

"ಅವರು ಹಂಗ ಹೇಳಿರದಿದ್ರ?" ಎಂದೆ.

"ಹೇಳದಿದ್ರೂ ಹಾಕು. ಅಬೌಟ್ ಇದ್ರ ಸಾಕ್ಷಿ ಬದುಕ್ತಾನ."

ಅವರ ಮಾತಿನಲ್ಲಿ ಹುರುಳಿತ್ತು. ಅದೇ ತಿಂಗಳು ಒಬ್ಬ ಮಾಸ್ತರು ಸಾಕ್ಷಿ ಹೇಳಲು ಬಂದು, ಕರೆಕ್ಟ್ ಒಂಬತ್ತಕ್ಕೆ ನೋಡಿದೆ ಎಂದು ಎರಡು ಸಲ ಒತ್ತಿ ಹೇಳಿದರು. ಎದುರಿನ ವಕೀಲರು ಅವರ ಕೈಗಡಿಯಾರ ಬಿಚ್ಚಿಸಿ ನೋಡಿದರೆ ಅದು ಏಳು ನಿಮಿಷ ಹಿಂದಿತ್ತು. ಅಲ್ಲಿಂದ ಮಾಸ್ತರರ ಉಳಿದ ಮಾತಿಗೂ ಬೆಲೆ ಇಲ್ಲದಂತಾಯಿತು. ಆ ದಿನದಿಂದ ನಾನು ಅಬೌಟ್ ಹಾಕುವುದನ್ನು ಪುಣ್ಯದ ಕೆಲಸವೆಂದೇ ನಂಬಿದ್ದೆ. ಸಾರಿಗೆ ಉಪ್ಪು ಹಾಕುವ ಹಾಗೆ, ಕೈ ತಾನಾಗಿ ಹೋಗುತ್ತಿತ್ತು.

ಇನ್ನೊಂದು ಚಟವನ್ನೂ ಹೇಳಬೇಕು. ನಮ್ಮ ತಂದೆ ಸಾಲಿ ಮಾಸ್ತರರು, ಮನೆಯಲ್ಲಿ ಪದದ ಮೇಲೆ ಪದ ಇಟ್ಟು ತೂಗುವ ರೂಢಿ. ಹಾಗಾಗಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಂದು ವರ್ಗವಾದಲ್ಲೆಲ್ಲ ನಾನು ಒಂದೇ ಕುತೂಹಲ ಹೊತ್ತು ತಿರುಗಿದೆ. ಜನ ಸರಿಯಾಗಿ ಇಷ್ಟೇ ಎಂಬುದನ್ನು ಹೇಗೆ ಹೇಳುತ್ತಾರೆ, ಇಷ್ಟರ ಹತ್ತಿರ ಎಂಬುದನ್ನು ಹೇಗೆ ಹೇಳುತ್ತಾರೆ? ಹುನಗುಂದದ ಅಂಗಡಿಯಲ್ಲಿ ಅಜಮಾಸು. ಸಂತೆಯಲ್ಲಿ ಹೆಚ್ಚೂ ಕಡಿಮಿ. ಬಸ್‌ಸ್ಟ್ಯಾಂಡಿನಲ್ಲಿ ಒಂದೀಟು ಹಿಂದ ಮುಂದ. ಇಳಕಲ್ಲಿನಲ್ಲಿ ನನ್ನ ಬಾಡಿಗೆ ಮನೆಯ ಪಕ್ಕ ಮಗ್ಗವಿತ್ತು. ಸೀರೆಯ ಒಡಲಿಗೆ ಸೆರಗಿನ ನೂಲು ಜೋಡಿಸುವಾಗ ಆ ಮನೆಯ ಅಜ್ಜಿ ಎಳಿಗೆ ಎಳಿ ಕೂಡಬೇಕು ಅನ್ನುತ್ತಿದ್ದಳು. ಯಾವುದೇ ಕೆಲಸ ಪಕ್ಕಾ ಆದರೂ ಅವಳ ಬಾಯಲ್ಲಿ ಎಳಿಗೆ ಎಳಿಯೇ. ಮೊಮ್ಮಗಳಿಗೆ ವರ ಒಪ್ಪಿದಾಗಲೂ ಅದನ್ನೇ ಅಂದಳು. ಬಾದಾಮಿಯಲ್ಲಿ ಗುಹೆ ತೋರಿಸುವ ಗೈಡುಗಳು ಪರದೇಶದವರಿಂದ ಕಲಿತು ಪಕ್ಕಾ ಅನ್ನಲಿಕ್ಕೆ ಒಬ್ಬರಿಗೊಬ್ಬರು ಸ್ಪಾಟ್ ಆನ್ ಅನ್ನುತ್ತಿದ್ದರು. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮನೆಯವರು ಇದರಿಂದ ಏನು ಬಂತು ಎಂದು ನಗುತ್ತಿದ್ದರು. ಏನೂ ಬರಲಿಲ್ಲ, ಖುಷಿ ಬಂತು.

ಆ ನೋಟ್‌ಬುಕ್ಕು ದಪ್ಪವಾದದ್ದು ಒಬ್ಬ ಸಾಹೇಬರು ವರ್ಗವಾಗಿ ಬಂದ ಮೇಲೆ. ಯಾವ ಊರಿನ ಕೋರ್ಟು, ಯಾವ ವರ್ಷ ಎಂದು ಕೇಳಬೇಡಿ, ಹೇಳುವುದಿಲ್ಲ. ಸಾಹೇಬರು ಮೈಸೂರು ಕಡೆಯವರು. ಕನ್ನಡ ಮಾತಾಡಿದರೆ ಪುಸ್ತಕ ಓದಿದ ಹಾಗೆ. ಇಂಗ್ಲಿಷ್ ಮಾತ್ರ ಪೂರ್ತಿ ಬೇರೆ. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರಂತೆ, ಅದರಲ್ಲೇ ಡಿಕ್ಟೇಶನ್ ಕೊಡುತ್ತಿದ್ದರು. ಸರಿಯಾಗಿ ಹತ್ತು ಗಂಟೆಗೆ ಅನ್ನಲಿಕ್ಕೆ ಟೆನ್ ಆನ್ ದ ಡಾಟ್. ಹತ್ತಿಪ್ಪತ್ತು ಹೆಚ್ಚುಕಮ್ಮಿ ಅನ್ನಲಿಕ್ಕೆ ಗಿವ್ ಆರ್ ಟೇಕ್. ವರ್ಣನೆ ತಕ್ಕಂತೆ ಹೊಂದಿದರೆ ಟು ಎ ಟೀ. ಲಾರಿ ಪಾರಾದರೆ ಬೈ ಎ ವಿಸ್ಕರ್, ಅಂದರೆ ಮೀಸೆಯ ಒಂದು ಕೂದಲಿನ ಅಂತರದಲ್ಲಿ. ಸಾಕು, ಹತ್ತಿರಾದರೆ ಆಯಿತು ಅನ್ನಲಿಕ್ಕೆ ನಿಯರ್ ಎನಫ್.

ನನಗೆ ಹಬ್ಬ. ಇಂಗ್ಲಿಷಿನವರು ನಿಖರ ಅನ್ನಬೇಕಾದರೆ ಒಂದು ಚುಕ್ಕೆಯನ್ನೋ, ಮೂಗಿನ ತುದಿಯನ್ನೋ, ಮೊಳೆಯ ತಲೆಯನ್ನೋ ಹುಡುಕಿ ಅದರ ಮೇಲೆ ಬೆರಳಿಡುತ್ತಾರೆ. ನಮ್ಮವರಿಗೆ ಅಷ್ಟು ತ್ರಾಸು ಬೇಕಿಲ್ಲ. ಹತ್ತಂದ್ರ ಹತ್ತು. ಅದೇ ಪದವನ್ನು ಎರಡನೇ ಸಲ ಹೇಳಿದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವ ಹಾಗಿಲ್ಲ. ಇದು ಹೀಗೇಕೆ ಎಂದು ಈಗಲೂ ಒಮ್ಮೊಮ್ಮೆ ಕೂತು ಯೋಚಿಸುತ್ತೇನೆ.

ಆದರೆ ಇಂಥ ಬಾಯಿಮಾತು ಕೋರ್ಟಿನ ಕಾಗದಕ್ಕೆ ಹೇಗೆ ಹೋದೀತು? ನಾನು ಅವನ್ನು ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಟೈಪು ಮಾಡುವಾಗ ಮಡಿ ಉಡಿಸಿ ಕಳಿಸುತ್ತಿದ್ದೆ. ಗಿವ್ ಆರ್ ಟೇಕ್ ಇದ್ದಲ್ಲಿ ಅಬೌಟ್. ನಿಯರ್ ಎನಫ್ ಇದ್ದಲ್ಲಿ ಅಬೌಟ್. ಆನ್ ದ ಡಾಟ್‌ಗೆ ಶಾರ್ಟ್‌ಹ್ಯಾಂಡಿನಲ್ಲಿ ನಾನೇ ಒಂದು ಗುರುತು ಮಾಡಿಕೊಂಡಿದ್ದೆ, ಸಣ್ಣ ಸೊನ್ನೆ, ಅದರೊಳಗೊಂದು ಚುಕ್ಕೆ. ನೋಡಲು ಚೆಂದ. ಟೈಪು ಮಾಡುವಾಗ ಅದಕ್ಕೂ ಹಿರಿಯರು ಹೇಳಿಕೊಟ್ಟ ಅಬೌಟ್. ಸಾಹೇಬರು ಸಹಿ ಹಾಕುವಾಗ ಒಮ್ಮೆಯೂ ತಡೆದು ನೋಡಿದವರಲ್ಲ. ಅಬೌಟ್ ಯಾರ ಕಣ್ಣಿಗೂ ಬೀಳುವ ಪದವಲ್ಲ.

ಹೀಗಿರುವಾಗ ಯಮನಪ್ಪನ ಕೇಸು ಬಂತು. ಯಮನಪ್ಪ ನೀಲಿ ಬಣ್ಣದ ಟೆಂಪೊ ಓಡಿಸುವವನು. ಕುಳಗೇರಿ ಕ್ರಾಸಿನಲ್ಲಿ ಒಂದು ಮಧ್ಯಾಹ್ನ ನೀಲಿ ಟೆಂಪೊವೊಂದು ಒಬ್ಬ ಮುದುಕನಿಗೆ ಹಾಯ್ದು ನಿಲ್ಲದೆ ಹೋಯಿತು. ಮುದುಕ ಉಳಿಯಲಿಲ್ಲ. ನಂಬರು ಯಾರೂ ಸರಿಯಾಗಿ ನೋಡಿರಲಿಲ್ಲ. ಮರುದಿನ ಅದೇ ದಾರಿಯಲ್ಲಿ ಸಿಕ್ಕ ನೀಲಿ ಟೆಂಪೊ ಯಮನಪ್ಪನದು. ಪ್ರತಿ ತಾರೀಖಿಗೂ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಬೆಂಚಿನ ತುದಿಯಲ್ಲಿ ಕೂಡುತ್ತಿದ್ದ. ಎದುರಿನ ಬೆಂಚಿನಲ್ಲಿ ಸತ್ತವನ ಮಗಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಎಲ್ಲವೂ ಸಮಯದ ಮೇಲೆ ನಿಂತಿತ್ತು. ಮುದುಕ ಬಿದ್ದ ಕೂಡಲೇ ಅಂಗಡಿಯವನೊಬ್ಬ ಆಂಬುಲೆನ್ಸಿಗೆ ಫೋನು ಮಾಡಿದ್ದ, ಅದರ ದಾಖಲೆ ಎರಡು ಗಂಟೆ ಐದು ನಿಮಿಷಕ್ಕಿತ್ತು. ಯಮನಪ್ಪ ಹೇಳುವುದು, ಆ ಹೊತ್ತಿಗೆ ನಾನು ಕ್ರಾಸಿನಿಂದ ಅರ್ಧ ತಾಸು ಆಚೆ ಇದ್ದೆ, ಕುರಿ ದಾರಿಗೆ ಅಡ್ಡ ಬಂದು ನಿಂತಿದ್ದೆ, ಬೇಕಾದರೆ ಕುರಿಯವನನ್ನು ಕೇಳಿರಿ ಎಂದು. ಆ ಕುರಿಯವನೇ ಮಾಳಪ್ಪ.

ಮಾಳಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದು ನಿಂತ. ಕೋಲನ್ನು ಹೊರಗಿಡು ಎಂದಾಗ ಸ್ವಲ್ಪ ಬೇಸರವಾದಂತೆ ಕಂಡಿತು. ಹೇಳಬೇಕಾದ್ದನ್ನು ನೇರ ಹೇಳಿದ.

"ಮೋಟರ್ ಚಾಲೂ ಆತ್ರಿ. ಪೈಪಿಗೆ ನೀರು ಬಂತು. ಕುರಿ ರಸ್ತಾ ದಾಟಿ ನೀರಿಗೆ ಬಂದ್ವು. ಈ ಡ್ರೈವರ್ ಟೆಂಪೊ ನಿಂದರಿಸಿ, ಇಳದು ಬಂದು, ಕ್ಯಾನ್ ಹಿಡದು ನೀರು ತುಂಬಕೊಂಡ. ಎರಡು ತಾಸು ಆಗಿತ್ತು."

"ಎರಡು ಎಂದರೆ ಸರಿಯಾಗಿ ಎರಡೇ?" ಎಂದರು ಸಾಹೇಬರು.

"ಎರಡಂದ್ರ ಎರಡ್ರಿ."

ಸಾಹೇಬರು ಮೋಟರು, ಪೈಪು ಎಲ್ಲ ಬಿಟ್ಟು ನನ್ನ ಕಡೆ ತಿರುಗಿ, ಕುರಿಗೆ ನೀರು ಕುಡಿಸುವಾಗ ಎರಡು ಗಂಟೆಗೆ, ಆನ್ ದ ಡಾಟ್, ಟೆಂಪೊ ನಿಂತಿತು ಎಂಬರ್ಥದಲ್ಲಿ ಚುಟುಕಾಗಿ ಬರೆಸಿದರು. ನಾನು ಸೊನ್ನೆ ಬರೆದು ಚುಕ್ಕೆ ಇಟ್ಟೆ.

ಆಮೇಲೆ ಸರ್ಕಾರಿ ವಕೀಲರು ಎದ್ದರು. ಅವರಿಗೆ ಸಾಕ್ಷಿಯನ್ನು ಅಡ್ಡದಾರಿಯಿಂದ ಹಿಡಿಯುವ ಅಭ್ಯಾಸ.

"ನಿನ್ನ ಕುರಿ ಎಷ್ಟು ಅದಾವೋ ಮಾಳಪ್ಪ?"

"ಅದಾವ್ರಿ."

"ಅದಾವು ಗೊತ್ತು. ಎಷ್ಟು?"

"ಬೀರಪ್ಪ ದೇವರು ಕೊಟ್ಟಷ್ಟು ಅದಾವ್ರಿ."

ಕೋರ್ಟು ನಕ್ಕಿತು. ಮೂರು ಸಲ ಕೇಳಿದರೂ ಮಾಳಪ್ಪ ಲೆಕ್ಕ ಬಾಯಿ ಬಿಡಲಿಲ್ಲ. ತನ್ನ ಹಿಂಡನ್ನು ನಾಲ್ಕು ಜನರ ಮುಂದೆ ಎಣಿಸಿ ಹೇಳಿದರೆ ಹಿಂಡಿಗೆ ಕಣ್ಣು ತಾಗುತ್ತದೆ ಎಂಬುದು ಅವನ ಮನೆತನದಲ್ಲಿ ನಡೆದುಬಂದ ನಂಬಿಕೆ. ಅದು ಆಗ ನನಗೆ ಗೊತ್ತಿರಲಿಲ್ಲ. ತನ್ನ ಕುರಿ ಎಷ್ಟೆಂದು ಗೊತ್ತಿಲ್ಲದವನು ತಾಸು ಹೇಳುತ್ತಾನಂತೆ ಎಂದು ವಕೀಲರು ಗೊಣಗಿದ್ದು ನನಗೂ ಸರಿ ಅನ್ನಿಸಿತು. ಸಾಹೇಬರು ಬೇಸತ್ತು, ನೂರು ಕುರಿ, ಗಿವ್ ಆರ್ ಟೇಕ್ ಎಂದು ಬರೆಸಿ ಮುಗಿಸಿದರು.

ಟೈಪು ಮಾಡುವಾಗ ಕುರಿಗೆ ಅಬೌಟ್ ಹಾಕಿದೆ. ಗಂಟೆಗೂ ಅಬೌಟ್ ಹಾಕಿದೆ. ವರಾಂಡದಲ್ಲಿ ಮಾಳಪ್ಪನನ್ನು ಕೂರಿಸಿ ಓದಿ ಹೇಳಿದೆ. "ಸುಮಾರು ಎರಡು ಗಂಟೆಗೆ" ಎಂಬಲ್ಲಿಗೆ ಬಂದಾಗ ಅವನು ಕೈ ಅಡ್ಡ ಹಿಡಿದ.

"ಅಕ್ಕಾರ, ಸುಮಾರು ಅಂದವರ್ಯಾರ್ರಿ?"

"ಅದು ಕೋರ್ಟಿನ ಮಾತು. ಎಲ್ಲಾರಿಗೂ ಹಂಗ ಬರೀತೇವಿ."

"ನಾ ಅಂದಿಲ್ಲಲ್ರಿ. ನಾ ಎರಡಂದ್ರ ಎರಡು ಅಂದೇನಿ."

"ನಿನ್ನ ಒಳ್ಳೇದಕ್ಕ ಹಾಕೇನಿ ಮಾಳಪ್ಪ. ನಾಳಿ ವಕೀಲರು ನಿನ್ನ ಗಡಿಯಾರ ಕೇಳಿದ್ರ ಏನ ತೋರಸ್ತಿ?"

ಅವನ ಕೈಯಲ್ಲಿ ಗಡಿಯಾರವಿರಲಿಲ್ಲ. "ನೀವು ಓದಿದವರು. ನಿಮ್ಮ ಮ್ಯಾಲಿನ ನಂಬಿಗಿ ಮ್ಯಾಲೆ ಒತ್ತತೇನಿ" ಎಂದು ಹೆಬ್ಬೆಟ್ಟು ಒತ್ತಿದ. ನಾನು ಮುಂದಿನ ಸಾಕ್ಷಿಯನ್ನು ಕರೆದೆ.

ಕೆಲವು ವಾರಗಳ ನಂತರ ವಾದ ಶುರುವಾಯಿತು. ಸರ್ಕಾರಿ ವಕೀಲರು ಮಾಳಪ್ಪನ ಹೇಳಿಕೆಯ ಹಾಳೆ ಎತ್ತಿ ಹಿಡಿದರು. ಸಾಕ್ಷಿಯೇ ಸುಮಾರು ಎರಡು ಎನ್ನುತ್ತಾನೆ. ಕುರಿ ಎಣಿಸಲು ಬಾರದ, ಗಡಿಯಾರ ಇಲ್ಲದವನ ಸುಮಾರು ಎರಡು ಎಂದರೆ ಒಂದೂವರೆಯೂ ಆಗಬಹುದು. ಒಂದೂವರೆಗೆ ಅಲ್ಲಿ ನೀರು ತುಂಬಿಕೊಂಡು ಹೊರಟ ಟೆಂಪೊ ಎರಡು ಗಂಟೆಗೆ ಎಲ್ಲಿರುತ್ತದೆ? ಕುಳಗೇರಿ ಕ್ರಾಸಿನಲ್ಲಿ. ಹಾಗಾದರೆ ಇವನು ಆರೋಪಿಯನ್ನು ಉಳಿಸುವ ಸಾಕ್ಷಿಯಲ್ಲ, ಸಿಕ್ಕಿಸುವ ಸಾಕ್ಷಿ.

ಯಮನಪ್ಪನ ವಕೀಲರು ತಡಬಡಾಯಿಸಿದರು. ತಮ್ಮ ಪ್ರತಿಯನ್ನು ಅವರೂ ಹತ್ತು ಸಲ ಓದಿದ್ದರು. ಅಬೌಟ್ ಅವರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಬರೆದುಕೊಳ್ಳುತ್ತಿದ್ದ ಪೆನ್ಸಿಲ್ಲು ನಿಂತುಹೋಯಿತು. ಬೆಂಚಿನ ತುದಿಯಲ್ಲಿ ಯಮನಪ್ಪ ಇಂಗ್ಲಿಷ್ ತಿಳಿಯದೆ, ಯಾರು ಮಾತಾಡುತ್ತಾರೋ ಅವರ ಮುಖ ನೋಡುತ್ತಿದ್ದ.

ಆ ಸಂಜೆ ಮನೆಗೆ ಹೋಗದೆ ಹಳೆಯ ಶಾರ್ಟ್‌ಹ್ಯಾಂಡ್ ನೋಟ್‌ಬುಕ್ಕು ತೆಗೆದೆ. ಸೊನ್ನೆ ಇತ್ತು, ಅದರೊಳಗೆ ಚುಕ್ಕೆ ಇತ್ತು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳುತ್ತೇನೆ. ಶಾರ್ಟ್‌ಹ್ಯಾಂಡ್ ಬರೆದವಳಿಗೇ ಓದಲು ಬರುವುದು, ಅದರಲ್ಲೂ ಆ ಗುರುತು ನಾನೇ ಹುಟ್ಟಿಸಿದ್ದು. ಇಡೀ ಜಿಲ್ಲೆಯಲ್ಲಿ ಅದನ್ನು ಓದಬಲ್ಲ ಇನ್ನೊಬ್ಬರಿರಲಿಲ್ಲ. ಸಾಹೇಬರಿಗೆ ತಾವು ಬರೆಸಿದ್ದು ನೆನಪಿರುವ ಸಂಭವವಿಲ್ಲ. ಕೆಳಗೆ ಮಾಳಪ್ಪನ ಹೆಬ್ಬೆಟ್ಟು ಇತ್ತು. ಸುಮ್ಮನಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಯಮನಪ್ಪ ಜೈಲಿಗೆ ಹೋಗುತ್ತಾನೆ, ಮುದುಕನಿಗೆ ಹಾಯ್ದ ನಿಜವಾದ ಟೆಂಪೊ ಎಲ್ಲೋ ಓಡಾಡಿಕೊಂಡಿರುತ್ತದೆ, ಆ ಮಗಳು ತಪ್ಪು ಮನುಷ್ಯನ ಮೇಲೆ ಸಿಟ್ಟು ತೀರಿಸಿಕೊಂಡು ಮನೆಗೆ ಹೋಗುತ್ತಾಳೆ. ಇದೆಲ್ಲ ನನ್ನ ಕೈಯ ಉಪ್ಪಿನಿಂದ.

ಮರುದಿನ ಬೆಳಿಗ್ಗೆ ಕೋರ್ಟು ಕೂಡುವ ಮೊದಲೇ ಸಾಹೇಬರ ಚೇಂಬರಿಗೆ ಹೋದೆ. ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ಸಾಹೇಬರು ಆ ಸೊನ್ನೆಯ ಮೇಲೆ ಬೆರಳಿಟ್ಟರು. "ಅಂದರೆ ನೀವು ನನ್ನ ಇಂಗ್ಲಿಷನ್ನು ತಿದ್ದುತ್ತಿದ್ದಿರಿ."

"ಹೌದ್ರಿ ಸರ್."

"ಯಾವಾಗಿನಿಂದ?"

"ನೀವು ಬಂದ ದಿನದಿಂದ್ರಿ."

ಅವರು ಕನ್ನಡಕ ತೆಗೆದಿಟ್ಟರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ತಪ್ಪಿನಲ್ಲಿ ಅರ್ಧ ನನ್ನದು. ನ್ಯಾಯಾಲಯದಲ್ಲಿ ಆಡಬಾರದ ಭಾಷೆ ಆಡಿದೆ, ಸಹಿ ಹಾಕುವಾಗ ಓದಲಿಲ್ಲ. ಉಳಿದರ್ಧಕ್ಕೆ ನೀವು ಲಿಖಿತ ವಿವರಣೆ ಕೊಡಿ. ಇಂಥವು ಇನ್ನೆಷ್ಟಿವೆ ಎಂದು ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ನೋಡಿ ತಿಳಿಸಿ" ಎಂದರು. ವಿವರಣೆ ಕೊಟ್ಟೆ. ಅದರಿಂದ ನನಗೆ ಆದದ್ದು ಇಲ್ಲಿ ಮುಖ್ಯವಲ್ಲ. ಹಳೆಯ ನೋಟ್‌ಬುಕ್ಕುಗಳನ್ನು ರಜೆಯ ದಿನಗಳಲ್ಲಿ ಕೂತು ತೆಗೆದು ನೋಡಿದೆ. ಹೆಚ್ಚಿನವು ಯಾರಿಗೂ ತ್ರಾಸು ಕೊಡದಂಥವು. ಎರಡರ ಬಗ್ಗೆ ಮಾತ್ರ ನನಗೆ ಇವತ್ತಿಗೂ ಸಮಾಧಾನವಿಲ್ಲ.

ಎರಡೂ ಕಡೆಯ ವಕೀಲರಿಗೆ ವಿಷಯ ತಿಳಿಸಿ ಸಾಹೇಬರು ಮಾಳಪ್ಪನನ್ನು ಮತ್ತೆ ಕರೆಸಿದರು. ಅದೇ ಕಂಬಳಿ, ಅದೇ ಭಂಡಾರ. ಈ ಸಲ ಕೋಲನ್ನು ತಾನೇ ಹೊರಗಿಟ್ಟು ಬಂದ.

"ನಿಮ್ಮ ಬಳಿ ಗಡಿಯಾರವಿಲ್ಲ. ಎರಡು ಗಂಟೆ ಎಂದು ಹೇಗೆ ಹೇಳುತ್ತೀರಿ?" ಎಂದು ಸಾಹೇಬರು ಕೇಳಿದರು. ಇದನ್ನು ಮೊದಲ ಸಲ ಯಾರೂ ಕೇಳಿರಲೇ ಇಲ್ಲ.

"ತ್ರೀ ಫೇಸ್ ಕರೆಂಟ್ ಬರೋದೇ ಎರಡಕ್ರಿ. ಆ ವಾರಾ ಪೂರಾ ಎರಡಕ್ಕ ಕೊಡತಿದ್ರು. ಕರೆಂಟ್ ಬಂದ್ರ ಮೋಟರ್ ತಾನ ಚಾಲೂ ಆಕ್ಕೈತಿ, ಆಟೋಮ್ಯಾಟಿಕ್ ಐತಿ. ಮೋಟರ್ ದನಿ ಕೇಳಿದ್ರ ನನ್ನ ಕುರಿ ನಿಂದರಂಗಿಲ್ಲ, ನೀರಿಗೆ ಓಡತಾವು. ಅವು ರಸ್ತಾ ದಾಟೂ ಮುಂದ ಇಂವಾ ಟೆಂಪೊ ನಿಂದರಿಸಿದ. ಪೈಪಿನ ಮೊದಲನೇ ನೀರಿಗೆ ಕ್ಯಾನ್ ಹಿಡದಾಂವ ಇಂವಾನ. ಮೊದಲನೇ ನೀರು ಕೆಂಪು ಬರತೈತಿ, ಚೆಲ್ಲಿ ಹಿಡಿಯೋ ಅಂತ ನಾನ ಹೇಳೇನಿ."

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಯಮನಪ್ಪ ಬೆಂಚಿನಿಂದ ಅರ್ಧ ಎದ್ದು ತಲೆ ಆಡಿಸಿ ಮತ್ತೆ ಕೂತ.

ಸರ್ಕಾರಿ ವಕೀಲರು ಎದ್ದು, ನೀನು ರಸ್ತೆಯಿಂದ ಎಷ್ಟು ದೂರ ಇದ್ದೆ ಎಂದು ಕೇಳಿದರು. ಮಾಳಪ್ಪ ನನ್ನ ಕಡೆ ನೋಡಿದ.

"ಸುಮಾರು ಹತ್ತು ಮಾರು. ಸುಮಾರು ಅಂತ ಬರ್ಕೊಳ್ರಿ ಅಕ್ಕಾರ. ಅದನ್ನ ನಾ ಅಳದಿಲ್ಲ."

ಇಷ್ಟು ವರ್ಷ ನಾನು ಹಾಕಿದ ಸಾವಿರ ಅಬೌಟ್‌ಗಳಲ್ಲಿ ಇದೊಂದನ್ನೇ ನಾನು ಸಾಕ್ಷಿಯ ಬಾಯಿಂದಲೇ ಕೇಳಿಸಿಕೊಂಡು ಬರೆದದ್ದು.

ಯಮನಪ್ಪನ ವಕೀಲರು ಸಬ್‌ಸ್ಟೇಶನ್ನಿನ ರಿಜಿಸ್ಟರು ತರಿಸಿದರು. ಯಾವ ಲೈನಿಗೆ ಯಾವ ಗಳಿಗೆ ಕರೆಂಟು ಬಿಟ್ಟರೆಂದು ಅಲ್ಲಿ ಬರೆದಿಡುತ್ತಾರೆ. ಆ ದಿನದ ಸಾಲಿನಲ್ಲಿ ಎರಡು ಗಂಟೆ, ಸೊನ್ನೆ ಸೊನ್ನೆ. ಎರಡು ಗಂಟೆಗೆ ಅರ್ಧ ತಾಸು ದೂರದಲ್ಲಿ ಕೆಂಪು ನೀರು ಚೆಲ್ಲುತ್ತಿದ್ದವನು ಐದು ನಿಮಿಷದಲ್ಲಿ ಕುಳಗೇರಿ ಕ್ರಾಸಿನಲ್ಲಿರಲು ಸಾಧ್ಯವಿರಲಿಲ್ಲ. ಯಮನಪ್ಪ ಬಿಡುಗಡೆಯಾದ. ಸತ್ತವನ ಮಗಳು ಅವತ್ತು ಮೊದಲ ಸಲ ಅವನ ಮುಖ ನೋಡಿದಳು. ಆ ಇನ್ನೊಂದು ಟೆಂಪೊ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ, ಅಷ್ಟರಲ್ಲಿ ನನಗೆ ವರ್ಗವಾಯಿತು.

ಈಗ ಶಾರ್ಟ್‌ಹ್ಯಾಂಡು ಹಿಂದೆ ಬಿದ್ದಿದೆ. ಮಾತಾಡಿದ್ದನ್ನು ಕಂಪ್ಯೂಟರೇ ಬರೆದುಕೊಳ್ಳುತ್ತದೆ ಎಂದು ಮೊನ್ನೆ ಬಂದ ಹುಡುಗಿ ತನ್ನ ಮೊಬೈಲಿನಲ್ಲಿ ಮಾಡಿ ತೋರಿಸಿದಳು. ನಾನು ಬೇಕೆಂದೇ "ಎರಡಂದ್ರ ಎರಡಕ್ಕ ಬಂದ" ಎಂದೆ. ಅದು ಎರಡು ಗಂಟೆಗೆ ಬಂದ ಎಂದು ಬರೆಯಿತು. ಎರಡನೆಯ ಎರಡನ್ನು ನುಂಗಿಬಿಟ್ಟಿತ್ತು. "ಭಾಳ ಶ್ಯಾಣೇ ಐತ್ರಿ ಮೇಡಂ, ತಾನ ನೀಟ್ ಮಾಡ್ತೈತಿ" ಎಂದಳು ಹುಡುಗಿ. ಹೌದವ್ವಾ, ನಾನೂ ಅಷ್ಟೇ ಶ್ಯಾಣೇ ಇದ್ದೆ ಎಂದು ಈ ಕಥೆಯನ್ನೆಲ್ಲ ಹೇಳಿದೆ. ಸಾಕ್ಷಿಗೆ ಓದಿ ಹೇಳುವಾಗ ಅವನು ಕೈ ಅಡ್ಡ ಹಿಡಿದರೆ, ನೀನು ಎಷ್ಟೇ ಓದಿದವಳಿರು, ನಿಲ್ಲು. ನಾನು ಕಲಿತದ್ದು ಇಷ್ಟೇ.

ಒಂದು ಉಳಿದಿದೆ. ಮಾಳಪ್ಪ ಎರಡನೇ ಸಲ ಸಾಕ್ಷಿ ಹೇಳಿ ಹೊರಬಂದ ಮೇಲೆ ವರಾಂಡದಲ್ಲಿ ಅವನಿಗೆ ಓದಿ ಹೇಳಿದೆ. ಎರಡು ಗಂಟೆಗೆ ಎಂಬಲ್ಲಿ ನಾನೇ ನಿಂತು ಅವನ ಮುಖ ನೋಡಿದೆ. ಅವನು ಮುಂದೆ ಓದಿರಿ ಎಂಬಂತೆ ಕೈ ಮಾಡಿದ. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಕಂಬಳಿಗೆ ಒರೆಸಿಕೊಂಡ. ನಾನು, ತಪ್ಪಾಯಿತು ಮಾಳಪ್ಪ, ನಿನ್ನ ಮಾತು ನಾನು ನಂಬಲಿಲ್ಲ ಎಂದೆ.

"ಕುರಿ ಲೆಕ್ಕಾ ಹೇಳಲಿಲ್ಲಂತ ನಂಬಲಿಲ್ಲೇನ್ರಿ?"

ನಾನು ಹೌದೆಂದೆ.

ಅವನು ಆಚೆ ಈಚೆ ನೋಡಿದ. ವರಾಂಡದಲ್ಲಿ ಯಾರೂ ಇರಲಿಲ್ಲ. ಬಾಗಿ, ನನ್ನ ಕಿವಿಯ ಹತ್ತಿರ ಒಂದು ಸಂಖ್ಯೆ ಹೇಳಿದ. ಬಿಡಿ ಸ್ಥಾನದವರೆಗೆ, ಆ ವಾರ ಹುಟ್ಟಿದ ಮರಿಯನ್ನೂ ಸೇರಿಸಿ. ನಾಲ್ಕು ಜನರ ಮುಂದೆ ಹೇಳಬಾರದ್ದು, ಒಬ್ಬರಿಗೆ ಹೇಳಿದರೆ ನಡೆಯುತ್ತದೆ ಎಂದು ಅವನು ಅಂದುಕೊಂಡಿರಬೇಕು. ಆಮೇಲೆ ಕೋಲು ತೆಗೆದುಕೊಂಡು ಬಸ್ಸಿಗೆ ಹೋದ.

ಕಂಡದ್ದು ಕೇಳಿದ್ದು ಎಲ್ಲವನ್ನೂ ಬರೆದಿಟ್ಟವಳು ನಾನು. ಆ ಸಂಖ್ಯೆ ಮಾತ್ರ ನನ್ನ ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ, ಇಲ್ಲಿಯೂ ಬರೆಯುವುದಿಲ್ಲ. ಯಾರಾದರೂ ಕೇಳಿದರೆ ಸುಮಾರು ನೂರು ಎನ್ನುತ್ತೇನೆ.